ಮಂಗಳ ಗ್ರಹದಲ್ಲಿ ಡೆನಿಸನ ಮರಣ

ಡೆನಿಸನಿಗೆ ಹೆಲ್ಮೆಟ್ ಇರಲಿಲ್ಲ.

ಎಡ್ಮಂಡನಿಗೆ ಇತ್ತು. ಮಸ್ಕತ್ತಿನಲ್ಲಿರುವ ಅಣ್ಣ ಕಳಿಸಿದ ಕೆಂಪು ಹೆಲ್ಮೆಟ್. ಮುಂದೆ ಕಪ್ಪು ಗಾಜು; ಮೇಲೆತ್ತಿದರೆ ಟಕ್ಕೆಂದು ನಿಲ್ಲುತ್ತಿತ್ತು. ಎಡ್ಮಂಡನ ಬಳಿ ಬೈಕ್ ಇರಲಿಲ್ಲ. ಆದರೂ ಅದನ್ನು ಹಾಕಿಕೊಂಡು ಉದ್ಯಾವರದ ಪೇಟೆಯಲ್ಲಿ ಸೈಕಲ್ ಹೊಡೆಯುತ್ತಿದ್ದ.

ಬೇರೆ ದಿನಗಳಲ್ಲಾದರೆ ಇದರಿಂದ ಡೆನಿಸನಿಗೆ ತೊಂದರೆಯೇನೂ ಇರಲಿಲ್ಲ. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನಿಗೆ ಹೆಲ್ಮೆಟ್ ಯಾಕೆ? ಆದರೆ ಅದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಮೇ ತಿಂಗಳು. ಹಿಂದಿನ ತಿಂಗಳಷ್ಟೇ ನಮ್ಮ ದೇಶದವನೊಬ್ಬ ಅಂತರಿಕ್ಷಕ್ಕೆ ಹೋಗಿ ಬಂದಿದ್ದ. ಆ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ಹೈಸ್ಕೂಲಿನ ಬ್ಯಾಪ್ಟಿಸ್ಟ್ ಮಾಸ್ಟರು ತಡೆಯಲಾರದೆ ‘ಮಂಗಳದ ಗಡಿಯಲ್ಲಿ ಮಹಾಯುದ್ಧ’ ಎಂಬ ನಾಟಕ ಬರೆದುಬಿಟ್ಟರು. ಪ್ರತಿವರ್ಷ ರಾಜ, ಮಂತ್ರಿ, ಡಕಾಯಿತ ಎಂದು ಆಡುತ್ತಿದ್ದ ಇಗರ್ಜಿಯ ಯುವಕ ಸಂಘ ಈ ಸಲ ನೇರ ಆಕಾಶಕ್ಕೆ ಏರಿತು. ಕ್ರಿಸ್ಮಸ್ಸಿಗೆ ಬಿದಿರುಕಡ್ಡಿಯ ನಕ್ಷತ್ರ ಮಾಡುವ ಹುಡುಗರೇ ಎರಡು ಯುದ್ಧವಿಮಾನಗಳನ್ನೂ ಕಟ್ಟಿದರು. ಹಾಗಾಗಿ ವಿಮಾನಗಳು ರೆಕ್ಕೆ ಬಂದ ನಕ್ಷತ್ರಗಳ ಹಾಗೆ ಕಾಣುತ್ತಿದ್ದವು.

ಕತೆ ಸರಳ. ಯುದ್ಧವಿಮಾನ ಹಾರಿಸುವ ಇಬ್ಬರು ಕ್ಯಾಪ್ಟನ್‌ಗಳು. ಇಬ್ಬರಿಗೂ ಸೇನಾಪತಿಯ ಮಗಳು ತಾರಾ ಬೇಕು. ಕೊನೆಯಲ್ಲಿ ಒಬ್ಬ ಶತ್ರುವಿನ ಅಂತರಿಕ್ಷ ಹಡಗಿಗೆ ತನ್ನ ವಿಮಾನವನ್ನೇ ಗುದ್ದಿಸಿ ಸಾಯುತ್ತಾನೆ. ಇನ್ನೊಬ್ಬ ಗೆದ್ದು ಬಂದು, ಹೆಲ್ಮೆಟ್ ತೆಗೆದು ತಲೆ ಬಾಗಿಸುತ್ತಾನೆ. ತಾರಾ ಮಾಲೆ ಹಾಕುತ್ತಾಳೆ. ಸಾಯುವವನು ಎಡ್ಮಂಡ್. ಮಾಲೆ ಡೆನಿಸನಿಗೆ.

ತಾರಾ ಆಗುವವಳು ಪ್ಯಾಟ್ರಿಶಿಯಾ, ಉಡುಪಿಯ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುವವಳು. ನಾಟಕದ ಹೊರಗೂ ಇಬ್ಬರು ಕ್ಯಾಪ್ಟನ್‌ಗಳಿಗೆ ಅವಳೇ ಬೇಕಾಗಿದ್ದಳು. ಒಂದು ದಿನ ಅಭ್ಯಾಸ ಮುಗಿದ ಮೇಲೆ ಡೆನಿಸ್ ಧೈರ್ಯ ಮಾಡಿ ಕೇಳಿಯೂ ಇದ್ದ. “ಅಪ್ಪ ಹ್ಞೂಂ ಅಂದರೆ ನನ್ನದೂ ಹ್ಞೂಂ” ಎಂದಿದ್ದಳು. ಎಡ್ಮಂಡನಿಗೂ ಇದನ್ನೇ ಹೇಳಿದ್ದಾಳೋ ಎಂದು ಡೆನಿಸ್ ವಿಚಾರಿಸಲು ಹೋಗಲಿಲ್ಲ. ಅಪ್ಪ ಸ್ಟ್ಯಾನಿಸ್ಲಾಸ್ ಕುವೈಟಿನಿಂದ ರಜೆಯಲ್ಲಿ ಬಂದಿದ್ದರು. ಮಗಳ ಮದುವೆ ಮುಗಿಸಿಯೇ ವಿಮಾನ ಹತ್ತುವುದೆಂದು ಊರಿಗೆಲ್ಲ ಹೇಳಿದ್ದರು. ನಾಟಕಕ್ಕೆ ಮೊದಲ ಸಾಲಿನಲ್ಲಿ ಅವರ ಕುರ್ಚಿ. ಮಗಳು ಮಾಲೆ ಹಾಕುವುದನ್ನು ಆ ಕುರ್ಚಿಯಿಂದ ನೋಡಿದರೆ ಉಳಿದ ಮಾತು ಸುಲಭ ಎಂದು ಡೆನಿಸನ ಲೆಕ್ಕ.

ಅದಕ್ಕೆ ಹೆಲ್ಮೆಟ್ ಬೇಕಿತ್ತು.

ನಾಟಕದ ಭಾನುವಾರ ಬೆಳಿಗ್ಗೆ ಅವನ ತಾಯಿ ಬರ್ತಾಬಾಯಿ ಪೂಜೆಗೆ ಹೋದದ್ದೇ ತಡ, ಡೆನಿಸ್ ಅಡಿಗೆಮನೆಯ ಅಟ್ಟದಿಂದ ಒಂದು ಅಲ್ಯೂಮಿನಿಯಂ ಪಾತ್ರೆ ಇಳಿಸಿದ. ಹೊಟ್ಟೆ ದೊಡ್ಡದು, ಬಾಯಿ ಕಿರಿದು. ಬೆಳ್ಳಿಕಾಗದ ಅಂಟಿಸಿದರೆ ಯಾವ ಗ್ರಹಕ್ಕಾದರೂ ಹೋಗಬಹುದಾದ ಮಾಲು. ಅಳತೆ ನೋಡೋಣವೆಂದು ತಲೆಯ ಮೇಲೆ ಕವುಚಿ ಒತ್ತಿದ. ಹೋಗಲಿಲ್ಲ. ಎಡ್ಮಂಡನ ಗಾಜಿನ ಟಕ್ ನೆನಪಾಯಿತು. ಇನ್ನೊಮ್ಮೆ ಜೋರಾಗಿ ಒತ್ತಿದ. ಎರಡೂ ಕಿವಿ ಮಡಚಿಕೊಂಡು ಒಳಗೆ ಹೋದವು. ಒಳಗೆ ಹೋದ ಮೇಲೆ ಬಿಚ್ಚಿಕೊಂಡವು.

ಆಮೇಲೆ ಹೊರಗೆ ಬರಲಿಲ್ಲ.

ಪಾತ್ರೆಯ ಅಂಚು ಮುಂದೆ ಹುಬ್ಬಿನ ಮೇಲೆ, ಹಿಂದೆ ಕತ್ತಿನ ಮೇಲೆ ಕೂತಿತ್ತು. ಕಣ್ಣು ಕಾಣುತ್ತಿತ್ತು. ಕಿವಿಗೆ ಮಾತ್ರ ಲೋಕದ ಸದ್ದೆಲ್ಲ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು.

ಮೊದಲು ನೋಡಿದವಳು ಪಕ್ಕದ ಮನೆಯ ಗುಣವತಿ.

“ಎಂತದು ಮಾರಾಯ ಡೆನಿಸ್, ಮಂಡೆಯಲ್ಲೇ ಅನ್ನ ಬೇಯಿಸುವುದಾ?”

“ತೆಗೆಯಿರಿ ಅಕ್ಕ, ಮಾಂಯ್ ಬರುವುದರೊಳಗೆ ತೆಗೆಯಿರಿ.”

ಗುಣವತಿ ತೆಂಗಿನೆಣ್ಣೆ ತಂದಳು. ಎಣ್ಣೆ ಒಳಗೆ ಹೋಯಿತು, ಕಿವಿ ಹೊರಗೆ ಬರಲಿಲ್ಲ. ಸೈಕಲ್ ಅಂಗಡಿಯ ಮುದ್ದಣ್ಣ ಬಂದು, ಡೆನಿಸನ ಹೆಗಲಿಗೆ ಕಾಲು ಕೊಟ್ಟು, ಟೈರ್ ಕಳಚುವವನಂತೆ ಎಳೆದ. ಡೆನಿಸ್ ಇಡಿಯಾಗಿ ಬಂದ, ಪಾತ್ರೆ ಬರಲಿಲ್ಲ.

“ಸೋಪು ಹಾಕುವ” ಎಂದರು ಯಾರೋ. “ಉಲ್ಟಾ ನೇತುಹಾಕುವ” ಎಂದರು ಇನ್ಯಾರೋ. ಉಲ್ಟಾ ಹಿಡಿಯುವುದಕ್ಕೆ ಜನರೂ ಸಿಕ್ಕಿದರು. ಡೆನಿಸನ ಕಾಲು ಇನ್ನೇನು ಮೇಲೇಳಬೇಕು, ಅಷ್ಟರಲ್ಲಿ ಗೇಟಿನ ಬಳಿ ಕೂಗು ಕೇಳಿಸಿತು.

“ಸಾಯ್ಬಾ! ನನ್ನ ಪಾತ್ರೆ!”

ಉದ್ಯಾವರದ ಆ ಕಡೆಯಲ್ಲಿ ಬರ್ತಾಬಾಯಿಯ ದನಿ ಗೊತ್ತಿಲ್ಲದವರಿಲ್ಲ. ಯಾರ ಮನೆಯಲ್ಲಿ ಮರಣವಾಗಲಿ, ಡಾಕ್ಟರು ಮೆಟ್ಟಲಿಳಿಯುವ ಮೊದಲೇ ಬರ್ತಾಬಾಯಿ ಅಲ್ಲಿ. ಮೊಣಕಾಲೂರಿ ಜಪಮಾಲೆ ತೆಗೆದು ‘ತೇರ್ಸ್’ ಪ್ರಾರ್ಥನೆ ಶುರುಮಾಡುವವರು ಅವರೇ. ಆ ದನಿ ಎದ್ದರೆ ದಾರಿಯಲ್ಲಿ ಹೋಗುವವರ ಮೊಣಕಾಲು ಕೂಡ ತಾನಾಗಿ ಮಡಚುತ್ತಿತ್ತು. ಈಗ ಆ ದನಿಯೆಲ್ಲ ಮಗನ ತಲೆಯ ಮೇಲೆ ಬಿತ್ತು.

“ನನ್ನ ತವರಿನ ಪಾತ್ರೆ! ಕಾರ್ಕಳದಿಂದ ಮದುವೆಯ ದಿನ ಮಡಿಲಲ್ಲಿ ಇಟ್ಟುಕೊಂಡು ಬಂದದ್ದು!”

“ಕಟ್ ಮಾಡಿದರೆ ಒಂದು ನಿಮಿಷದ ಕೆಲಸ ಬಾಯಿ. ತಗಡಿನ ಕತ್ತರಿ ಅಂಗಡಿಯಲ್ಲಿ ಉಂಟು” ಎಂದ ಮುದ್ದಣ್ಣ.

“ಕತ್ತರಿ ಹಾಕುವುದಾದರೆ ಮೊದಲು ನನ್ನ ಕುತ್ತಿಗೆಗೆ ಹಾಕು.”

ಕೊನೆಗೆ ಉಡುಪಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಲೀಲಾಧರನ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು. ಡೆನಿಸನೊಬ್ಬನನ್ನೇ ಬಿಟ್ಟರೆ ಕತ್ತರಿಸಿಕೊಂಡಾನೆಂದು ಬರ್ತಾಬಾಯಿ ಪಾತ್ರೆಯ ಕಾವಲಿಗೆ ಹೊರಟರು. ಬಸ್ಸಿನಲ್ಲಿ ಕಂಡಕ್ಟರ್ ಪಾತ್ರೆಯನ್ನು ಬೆರಳಲ್ಲಿ ಟಣ್ ಎಂದು ಬಾರಿಸಿ, “ಇದು ಪ್ಯಾಸೆಂಜರಾ, ಲಗೇಜಾ?” ಎಂದು ಕೇಳಿದ. ಅಂಬಲಪಾಡಿಯಲ್ಲಿ ಹತ್ತಿದ ಮುದುಕರೊಬ್ಬರು ಡೆನಿಸನನ್ನು ನೋಡಿ ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು.

ಲೀಲಾಧರ ಪಾತ್ರೆಯನ್ನು ಸುತ್ತು ಬಂದು ನೋಡಿದ. “ಒಳ್ಳೆ ಮಾಲು ಬಾಯಿ. ಈಗ ಇಂಥದ್ದು ಬರುವುದಿಲ್ಲ.”

“ತೆಗೆಯಲಿಕ್ಕೆ ಆಗುತ್ತದಾ?”

“ಬಿಸಿ ಮಾಡಬೇಕು. ಬಿಸಿಯಾದರೆ ಅಲ್ಯೂಮಿನಿಯಂ ಹಿಗ್ಗುತ್ತದೆ. ಬ್ಲೋ ಲ್ಯಾಂಪಿನ ಬೆಂಕಿ ಹಿಡಿದರೆ ತಾನಾಗಿ ಬರುತ್ತದೆ.”

“ಪಾತ್ರೆಗೆ ಎಂತ ಆಗುವುದಿಲ್ಲ ಅಲ್ವಾ?” ಎಂದು ಕೇಳಿದರು ಬರ್ತಾಬಾಯಿ.

“ಪಾತ್ರೆಗೆ ಎಂತ ಆಗುವುದಿಲ್ಲ.”

ಡೆನಿಸ್ ಅಂಗಡಿಯಿಂದ ಹಾರಿ, ಹೊರಟಿದ್ದ ಬಸ್ಸಿಗೆ ಓಡಿ ಜೋತುಬಿದ್ದ.

ನಾಟಕ ನಾಲ್ಕಕ್ಕೆ. ಇಗರ್ಜಿಯ ಹಾಲ್ ಆಗಲೇ ತುಂಬಿ, ಬೀಸಣಿಗೆಗಳ ಸದ್ದು ಹಕ್ಕಿಗಳ ಹಿಂಡಿನಂತೆ ಕೇಳುತ್ತಿತ್ತು. ಡೆನಿಸನನ್ನು ಕಂಡ ಬ್ಯಾಪ್ಟಿಸ್ಟ್ ಮಾಸ್ಟರಿಗೆ ಮೊದಲು ಸಂತೋಷವಾಯಿತು. “ಫಸ್ಟ್‌ಕ್ಲಾಸ್ ಹೆಲ್ಮೆಟ್!” ಎಂದರು. ಅದು ಬರುವುದಿಲ್ಲ ಎಂದು ತಿಳಿದ ಮೇಲೆ ಸ್ಟೂಲಿನ ಮೇಲೆ ಕುಳಿತರು.

“ಕೊನೆಯ ಸೀನಿನಲ್ಲಿ ಹೆಲ್ಮೆಟ್ ತೆಗೆಯಬೇಕಲ್ಲ ಡೆನಿಸ್.”

“ತೆಗೆಯದೆ ಮಾಲೆ ಹಾಕಲಿಕ್ಕೆ ಆಗುವುದಿಲ್ಲವಾ ಮಾಸ್ಟ್ರೇ?”

ಮಾಸ್ಟರು ಮಾಲೆ ತಂದು ಹಾಕಿ ನೋಡಿದರು. ಅದು ಪಾತ್ರೆಯ ಹೊಟ್ಟೆಗೆ ಸಿಕ್ಕಿ ನಿಂತಿತು. ಡೆನಿಸ್ ಪೂಜೆಗಿಟ್ಟ ಕೊಡದಂತೆ ಕಂಡ.

“ಹೆಲ್ಮೆಟ್ ತೆಗೆಯಲಾಗದವನು ಮದುವೆಯಾಗುವ ಹಾಗಿಲ್ಲ. ಸಾಯಬಹುದು” ಎಂದರು ಮಾಸ್ಟರು. “ನೀನು ಸಾಯಿ. ಎಡ್ಮಂಡ್ ಗೆಲ್ಲಲಿ. ಇಬ್ಬರ ಮಾತೂ ಇಬ್ಬರಿಗೂ ಬಾಯಿಪಾಠ ಉಂಟಲ್ಲ.”

ಎಡ್ಮಂಡ್ ಗಾಜನ್ನು ಟಕ್ಕೆಂದು ಮೇಲೆತ್ತಿ ನಕ್ಕ. “ಬೇಜಾರು ಮಾಡಬೇಡ ಮಾರಾಯ. ಸತ್ತ ಮೇಲೆ ನಿನ್ನ ಪಾತ್ರೆಗೆ ನಾನೇ ಹೂ ಇಡುತ್ತೇನೆ.”

ಪ್ಯಾಟ್ರಿಶಿಯಾ ನಗಲಿಲ್ಲ. ಹತ್ತಿರ ಬಂದು ಪಾತ್ರೆಗೆ ಬಾಯಿ ಕೊಟ್ಟು, “ಅಪ್ಪ ಮುಂದೆಯೇ ಕೂತಿದ್ದಾರೆ. ಚಂದ ಮಾಡಿ ಸಾಯಿ” ಎಂದಳು.

ಡೆನಿಸ್ ಚಂದ ಮಾಡಿಯೇ ಸತ್ತ.

ಬೆಳಗಿನಿಂದ ಪಟ್ಟ ಪಾಡೆಲ್ಲ ಆ ಸಾವಿಗೆ ಬಂತು. ಬಿದಿರಿನ ವಿಮಾನದೊಳಗೆ ನಿಂತು ವೇದಿಕೆಯ ಉದ್ದಕ್ಕೂ ಓಡಿ, ಶತ್ರುವಿನ ರಟ್ಟಿನ ಹಡಗಿಗೆ ಗುದ್ದಿದ. ಪಾತ್ರೆ ಕಂಬಕ್ಕೆ ಬಡಿದು ಇಗರ್ಜಿಯ ಗಂಟೆಯಂತೆ ಮೊಳಗಿತು. ನೆಲಕ್ಕೆ ಬಿದ್ದವನು ಎದೆ ಹಿಡಿದುಕೊಂಡು, “ತಾರಾ, ನಿನಗಾಗಿ ಅಲ್ಲ, ಭೂಮಿಗಾಗಿ!” ಎಂದು ನರಳಿ ಕತ್ತು ವಾಲಿಸಿದ. ಹಾಲಿನಲ್ಲಿ ಬೀಸಣಿಗೆಗಳು ನಿಂತವು. ಹೆಂಗಸರು ಮೂಗು ಸೀಟಿಕೊಂಡರು. ಇತ್ತ ಎಡ್ಮಂಡ್ ಗೆದ್ದು ಬಂದು ಹೆಲ್ಮೆಟ್ ತೆಗೆದ. ಪ್ಯಾಟ್ರಿಶಿಯಾ ಮಾಲೆ ಎತ್ತಿದಳು.

ಆಗ ಮೂರನೆಯ ಸಾಲಿನಿಂದ ಆ ದನಿ ಎದ್ದಿತು.

ಮಗ ಸತ್ತಿಲ್ಲವೆಂದು ಉಡುಪಿಯಿಂದ ಮುಂದಿನ ಬಸ್ಸಿಗೆ ಬಂದು ಕೂತಿದ್ದ ಬರ್ತಾಬಾಯಿಗೆ ಗೊತ್ತಿತ್ತು. ಆದರೆ ಎದುರಿಗೆ ಒಂದು ಹೆಣ ಮಲಗಿದೆ, ಸುತ್ತ ಜನ ಅಳುತ್ತಿದ್ದಾರೆ, ಯಾರೂ ಶುರುಮಾಡುತ್ತಿಲ್ಲ. ಅವರ ಮೊಣಕಾಲು ತಾನಾಗಿ ಮಡಚಿತು, ಕೈ ತಾನಾಗಿ ಜಪಮಾಲೆಗೆ ಹೋಯಿತು. “ನಮ್ಮಿಂದ ಅಗಲಿದ ಡೆನಿಸನ ಆತ್ಮದ ಶಾಂತಿಗಾಗಿ…” ಎಂದು ತೇರ್ಸ್ ತೊಡಗಿಯೇಬಿಟ್ಟರು.

ಹಾಲ್‌ಗೆ ಹಾಲ್ ಮೊಣಕಾಲೂರಿತು. ಕುರ್ಚಿಗಳು ಸರಿದ ಸದ್ದಿನ ಹಿಂದೆಯೇ ಪ್ರಾರ್ಥನೆಗೆ ಇಡೀ ಊರಿನ ಒಕ್ಕೊರಲ ಉತ್ತರ ಬಂತು. ಬ್ಯಾಪ್ಟಿಸ್ಟ್ ಮಾಸ್ಟರು ಪರದೆ ಎಳೆಯಲು ಹೋದವರು, ಪ್ರಾರ್ಥನೆಯ ಮುಖಕ್ಕೆ ಪರದೆ ಎಳೆಯುವುದು ಹೇಗೆಂದು ತಿಳಿಯದೆ ಹಗ್ಗ ಹಿಡಿದುಕೊಂಡೇ ಮೊಣಕಾಲೂರಿದರು. ವೇದಿಕೆಯ ಮೇಲೆ ಎಡ್ಮಂಡ್ ಮತ್ತು ಪ್ಯಾಟ್ರಿಶಿಯಾ ಅಕ್ಕಪಕ್ಕ ಮೊಣಕಾಲೂರಿದರು. ಶತ್ರುಸೈನಿಕರೂ ಊರಿದರು.

ಡೆನಿಸ್ ಮೆಲ್ಲನೆ ತಲೆ ಎತ್ತಿ ನೋಡಿದ. ಬರ್ತಾಬಾಯಿ ಒಂದು ಕಣ್ಣು ತೆರೆದು ದುರುಗುಟ್ಟಿ ನೋಡಿದರು. ತೇರ್ಸಿನ ಹೊತ್ತಿಗೆ ಅಲ್ಲಾಡುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಡೆನಿಸ್ ಪುನಃ ಸತ್ತ. ಒಂದು ನೊಣ ಮೂಗಿನ ಮೇಲೆ ಕೂತು, ಮುಖವನ್ನೆಲ್ಲ ತಿರುಗಾಡಿ, ಬೇಸರ ಬಂದು ಹಾರಿಹೋಯಿತು. ಅವನು ಅಲ್ಲಾಡಲಿಲ್ಲ.

ಜಪಮಾಲೆಯ ಐದೂ ಸುತ್ತು ಮುಗಿದು ಎಲ್ಲರೂ ಎದ್ದಾಗ ಮಾಲೆಯ ಸೀನು ಯಾರಿಗೂ ನೆನಪಿರಲಿಲ್ಲ. ಸ್ಟ್ಯಾನಿಸ್ಲಾಸ್ ನೇರ ವೇದಿಕೆ ಹತ್ತಿದರು. ಎಡ್ಮಂಡ್ ಕ್ರಾಪು ಸರಿಮಾಡಿಕೊಂಡು ಮುಂದೆ ಬಂದ. ಅವರು ಅವನನ್ನು ದಾಟಿಕೊಂಡು ಹೋಗಿ, ಹೆಣದ ಕೈ ಹಿಡಿದು ಎಬ್ಬಿಸಿದರು.

“ಸಾವು ಅಂದರೆ ಇದು! ತೇರ್ಸ್ ಮುಗಿಯುವ ತನಕ ಒಂದು ಬೆರಳು ಅಲ್ಲಾಡಿಸಲಿಲ್ಲ! ನೊಣ ಕೂತದ್ದು ನಾನು ನೋಡಿದ್ದೇನೆ. ಇಷ್ಟು ತಾಳ್ಮೆ ಇರುವವನು ಹೆಂಡತಿಯ ಎದುರು ಸ್ವರ ಎತ್ತುತ್ತಾನಾ? ಬರ್ತಾಬಾಯಿ, ಮೇಲೆ ಬನ್ನಿ. ನಿಮ್ಮ ಹುಡುಗನಿಗೆ ನಮ್ಮ ಪ್ಯಾಟ್ರಿಶಿಯಾಳನ್ನು ಕೊಡುವುದೆಂದು ಮಾಡಿದ್ದೇನೆ. ಎಂತ ಹೇಳುತ್ತೀ ಮಗಳೇ?”

“ನನ್ನದು ಹ್ಞೂಂ” ಎಂದಳು ಪ್ಯಾಟ್ರಿಶಿಯಾ.

ಪಾತ್ರೆಯೊಳಗೆ ಡೆನಿಸನಿಗೆ ಬ್ಯಾಂಡು ಬಾರಿಸಿದಂತಾಯಿತು. ಎಡ್ಮಂಡನ ಕೈಯಲ್ಲಿದ್ದ ಹೆಲ್ಮೆಟ್ಟಿನ ಗಾಜು ತಾನಾಗಿ ಕೆಳಗೆ ಬಿತ್ತು.

“ಮುಂದಿನ ತಿಂಗಳು ನನ್ನ ಪ್ಲೇನು. ಅದರೊಳಗೆ ಮದುವೆ ಮುಗಿಸುವ” ಎಂದರು ಸ್ಟ್ಯಾನಿಸ್ಲಾಸ್.

ಬರ್ತಾಬಾಯಿ ಜಪಮಾಲೆಯನ್ನು ಮಡಚಿ ಚೀಲಕ್ಕೆ ಹಾಕಿದರು. “ಈ ವರ್ಷ ಆಗುವುದಿಲ್ಲ.”

“ಯಾಕೆ?”

“ಮರಣವಾದ ಮನೆಯಲ್ಲಿ ವರ್ಷ ತುಂಬದೆ ಮದುವೆ ಮಾಡುವ ಕ್ರಮ ಉಂಟಾ ನಮ್ಮಲ್ಲಿ?”

“ಯಾರು ಸತ್ತದ್ದು ನಿಮ್ಮ ಮನೆಯಲ್ಲಿ?”

“ಡೆನಿಸ್.”

“ಮಾಂಯ್, ನಾನು ಇಲ್ಲೇ ಇದ್ದೇನೆ!” ಎಂದು ಕೂಗಿದ ಡೆನಿಸ್.

“ನೀನು ಸುಮ್ಮನಿರು ಪುತಾ. ದೊಡ್ಡವರು ಮಾತಾಡುತ್ತಿದ್ದಾರೆ.”

ಬ್ಯಾಪ್ಟಿಸ್ಟ್ ಮಾಸ್ಟರು ಓಡಿಬಂದರು. “ಅಲ್ಲ ಬರ್ತಾಬಾಯಿ, ಅದು ನಾಟಕ ಅಲ್ವಾ?”

“ನಾಟಕ ನಿಮ್ಮದು ಮಾಸ್ಟ್ರೇ. ಪ್ರಾರ್ಥನೆ ನಾಟಕವಾ? ಹೆಸರು ಹಿಡಿದು ಹೇಳಿದ್ದೇನೆ. ಊರೆಲ್ಲ ಉತ್ತರ ಕೊಟ್ಟಿದೆ. ನೀವೂ ಕೊಟ್ಟಿದ್ದೀರಿ, ಹಗ್ಗ ಹಿಡಿದುಕೊಂಡು. ಅದನ್ನು ಸುಳ್ಳು ಎಂದು ಯಾರು ಹೇಳುತ್ತೀರಿ, ಈಗಲೇ ಹೇಳಿ.”

ಸ್ಟ್ಯಾನಿಸ್ಲಾಸ್ ಗಲ್ಲ ಕೆರೆದುಕೊಂಡರು. “ನಾನೂ ಉತ್ತರ ಕೊಟ್ಟಿದ್ದೇನೆ” ಎಂದರು ಮೆಲ್ಲಗೆ. “ಅಂಥಾದ್ದನ್ನು ಮೀರಿ ಮಾಡಿದರೆ ನಾಳೆ ಹುಡುಗಿಗೆ ಎಂತಾದರೂ ಆದರೆ? ಒಂದು ವರ್ಷ ಕಾಯುವ ಅಂದರೆ ಕಂಪನಿ ನನಗೆ ರಜೆ ಕೊಡುವುದಿಲ್ಲ.” ಮತ್ತೆ ತಿರುಗಿ ಎಡ್ಮಂಡನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ ಅಲ್ವಾ?”

“ಯಾರೂ ಇಲ್ಲ ಅಂಕಲ್” ಎಂದ ಎಡ್ಮಂಡ್ ತಡಮಾಡದೆ. “ಅಜ್ಜಿಗೆ ತೊಂಬತ್ತು. ಬೆಳಿಗ್ಗೆ ಗಂಜಿ ಎರಡು ಸಲ ಬಡಿಸಿಕೊಂಡಿದ್ದಾರೆ.”

ಪ್ಯಾಟ್ರಿಶಿಯಾ ಕೈಯಲ್ಲಿದ್ದ ಮಾಲೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. “ನೀನು ಸಾಯಬಾರದಿತ್ತು ಡೆನಿಸ್” ಎಂದಳು. ಅವಳಿಗೆ ಬೇಸರವಾದದ್ದು ನಿಜ. ಮದುವೆ ಜೂನ್ ಮೊದಲ ವಾರದಲ್ಲಿ ಆದದ್ದೂ ನಿಜ.

ಹಾಲ್ ಖಾಲಿಯಾದ ಮೇಲೆ ಡೆನಿಸ್ ಮುರಿದ ವಿಮಾನದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತಲೆ ತಗ್ಗಿಸಿದ. ಬರ್ತಾಬಾಯಿ ಬಂದು ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಎಳೆದರು. ಬೆಳಗಿನ ತೆಂಗಿನೆಣ್ಣೆಗೆ ಮೇ ತಿಂಗಳ ಬೆವರು ಸೇರಿ ಒಳಗೆಲ್ಲ ಜಾರಿತ್ತು. ಪಾತ್ರೆ ಪಚಕ್ಕೆಂದು ಬಂದುಬಿಟ್ಟಿತು. ಬರ್ತಾಬಾಯಿ ಅದನ್ನು ದೀಪಕ್ಕೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು. ಕಂಬಕ್ಕೆ ಬಡಿದ ಕಡೆಯೂ ಒಂದು ತಗ್ಗಿರಲಿಲ್ಲ. ಸೆರಗಿನಲ್ಲಿ ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದರು. ಸತ್ತವನು ಹಿಂದಿನಿಂದ ನಡೆದ.

ಆ ದಿನದ ನಷ್ಟ ಇಷ್ಟೇ: ಎಡಗಿವಿಯ ಮೇಲಿನ ಚರ್ಮ ಒಂದು ಚೂರು, ಬಲಗಡೆಯ ಹುಬ್ಬು ಅರ್ಧ, ಹೆಂಡತಿ ಒಬ್ಬಳು.