ನೀರು ಸಾಕಿದ ಲೆನ್ಸಪ್ಪ

ಪುಳಕ್.

ಎಲ್ಲರೂ ಗಾಢ ನಿದ್ದೆಯಲ್ಲಿದ್ದ ಹೊತ್ತಿನಲ್ಲಿ ಹಜಾರದಿಂದ ಆ ಸದ್ದು ಬಂತು. ತುಂಬಿದ ಲೋಟಕ್ಕೆ ಯಾರೋ ಅಂಗಿಯ ಗುಂಡಿ ಎಸೆದ ಹಾಗೆ, ಅಷ್ಟೇ ಸಣ್ಣದು. ಲೆನ್ಸಪ್ಪ ಹಾಸಿಗೆಯಲ್ಲಿ ಎದ್ದು ಕೂತ. ಹಜಾರದಲ್ಲಿ ನೀರಿದ್ದದ್ದು ಒಂದೇ ಕಡೆ, ಅವನ ಹೊಸ ಗಾಜಿನ ತೊಟ್ಟಿಯಲ್ಲಿ. ಆ ತೊಟ್ಟಿಗೆ ಅವನು ಇನ್ನೂ ಮೀನು ಬಿಟ್ಟಿರಲಿಲ್ಲ. ಮೀನಿಲ್ಲದ ನೀರು ತಾನಾಗಿ ಪುಳಕ್ ಅನ್ನುವುದಿಲ್ಲ. ಅಂದರೆ, ಯಾರೋ ಅದರೊಳಗೆ ಏನೋ ಹಾಕಿದ್ದಾರೆ.

"ಯಾರದು?" ಅಂತ ಕೂಗಿದ.

"ಕಳ್ಳ ಬಂದಿದ್ರೆ ಹೆಸರು ಹೇಳ್ತಾನೇನ್ರೀ? ಮಲ್ಕೊಳ್ಳಿ," ಅಂದಳು ಹೆಂಡತಿ, ಕಣ್ಣು ಬಿಡದೆ.

ಲೆನ್ಸಪ್ಪನಿಗೆ ಕನ್ನಡಕದಂಗಡಿ ಇತ್ತು. ಹೆಸರು ಅಂಗಡಿಯಿಂದ ಬಂದದ್ದು, ಸಿಟ್ಟು ಹುಟ್ಟಿನಿಂದ. ಮೀನು ಸಾಕುವ ಆಸೆ ಮಾತ್ರ ಈಚಿನದು. ತೊಟ್ಟಿ ಕೊಂಡ ದಿನವೇ ಮೀನಿನಂಗಡಿಯಾಕೆ ಎಚ್ಚರಿಸಿದ್ದಳು: ಹೊಸ ತೊಟ್ಟಿಗೆ ಮೀನು ಬಿಟ್ಟರೆ ಅದರ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಮೀನು ತನ್ನ ವಿಷದಲ್ಲಿ ತಾನೇ ಸಾಯುತ್ತದೆ. ಆ ವಿಷವನ್ನು ತಿಂದು ತೇಗುವ ಬ್ಯಾಕ್ಟೀರಿಯಾ ಮೊದಲು ಫಿಲ್ಟರಿನ ಸ್ಪಂಜಿನಲ್ಲಿ ಬೀಡು ಬಿಡಬೇಕು. ಅದಕ್ಕಾಗಿ ಬರೀ ನೀರಿಗೆ ಅಮೋನಿಯಾದ ಹನಿ ಬಿಟ್ಟು ಕಾಯಬೇಕು. ದಿನವೂ ಚೂರು ನೀರನ್ನು ಗಾಜಿನ ಕೊಳವೆಗೆ ತೆಗೆದು ಔಷಧಿ ಬೆರೆಸಿ ನೋಡಬೇಕು. ಹಸಿರಾದರೆ ವಿಷ ಇನ್ನೂ ಇದೆ. ಹಳದಿಯಾದರೆ ಮೀನಿಗೆ ಸ್ವಾಗತ.

ಲೆನ್ಸಪ್ಪ ಹನಿ ಬಿಟ್ಟ, ಕಾದ. ವಾರಗಳು ಕಳೆದವು. ತೊಟ್ಟಿಯ ಗಿಡಗಳು ಪೊದೆಯಾಗಿ ಬೆಳೆದವು. ಕೊಳವೆ ಮಾತ್ರ ಹಸಿರು ಬಿಟ್ಟು ಕದಲಲಿಲ್ಲ.

"ನನಗೇನೋ ಹಳದಿಯಾಗೇ ಕಾಣುತ್ತೆ," ಅಂತ ಹೆಂಡತಿ ಒಮ್ಮೆ ಅಂದಿದ್ದಳು.

"ಕಣ್ಣಿನ ಕಸುಬು ನಿಂದೋ ನಂದೋ?" ಅಂತ ಅವನು ಬಾಯಿ ಮುಚ್ಚಿಸಿದ್ದ.

ಮಹಡಿಯ ಮೇಲಿನ ಮನೆಯ ನಿವೃತ್ತ ಡ್ರಿಲ್ ಮಾಸ್ತರರಿಗೆ ಇದೊಂದು ಮನರಂಜನೆ. ಮೊದಮೊದಲು "ಏನ್ರೀ, ನಿಮ್ಮ ನೀರು ಮರಿ ಹಾಕ್ತಾ?" ಅನ್ನುತ್ತಿದ್ದರು. ಈಚೆಗೆ ತೊಟ್ಟಿಗೆ ಮೂಗು ಒತ್ತಿ, "ಚುರುಕಾಗಿದೆ, ಚೆನ್ನಾಗಿ ಓಡಾಡ್ತಿದೆ!" ಅಂತ ಶಹಬ್ಬಾಸ್ ಹೇಳಿ ಹೋಗುತ್ತಿದ್ದರು. ಖಾಲಿ ನೀರು ನೋಡಿ ಹೀಗನ್ನುವುದು ಕುಹಕವಲ್ಲದೆ ಮತ್ತೇನು? ಲೆನ್ಸಪ್ಪ ಹಲ್ಲು ಕಚ್ಚಿ ಸಹಿಸಿದ್ದ.

ಬೆಳಗಾಗುತ್ತಲೇ ಅವನು ತೊಟ್ಟಿಯ ಬಳಿ ಹೋಗಿ ನಿಂತ. ನೀರಿನ ಮೇಲೆ ಬ್ರೆಡ್ಡಿನ ಪುಡಿ ತೇಲುತ್ತಿತ್ತು.

"ಇದನ್ನ ಹಾಕಿದ್ದು ಯಾರು?"

"ನಾನೇ," ಅಂದರು ಅತ್ತೆ, ಚಹಾ ಹೀರುತ್ತ. "ಒಳಗಿರೋರಿಗೆ ಹಸಿವಾಗಲ್ವಾ?"

ಒಳಗೆ ಕಣ್ಣಿಗೆ ಕಾಣದ ಕೋಟಿ ಜೀವಗಳಿವೆ ಅಂತ ಅತ್ತೆಗೆ ಪಾಠ ಹೇಳಿದ್ದವನು ಅವನೇ. ಆದರೂ ಮೈ ಉರಿಯಿತು. "ಬ್ಯಾಕ್ಟೀರಿಯಾಕ್ಕೆ ಯಾರಾದ್ರೂ ಬ್ರೆಡ್ ಹಾಕ್ತಾರಾ ಅತ್ತೆ? ಅದು ಕೊಳೆತ್ರೆ ಮತ್ತೆ ಅಮೋನಿಯಾ! ಇಷ್ಟು ದಿನದಿಂದ ಹಸಿರು ಯಾಕೆ ಹೋಗ್ತಿಲ್ಲ ಅಂತ ಈಗ ಗೊತ್ತಾಯ್ತು!"

ಅತ್ತೆ ಮಗಳ ಮುಖ ನೋಡಿದರು. ಮಗಳು ಅಮ್ಮನ ಮುಖ ನೋಡಿದಳು.

"ನೋಡ್ರೀ," ಅಂದಳು ಹೆಂಡತಿ, "ನಿಮ್ಮ ಹಟ ನೋಡಿ ನೋಡಿ ಸಾಕಾಯ್ತು. ಇವತ್ತು ಸಂಜೆಯೊಳಗೆ ಹಳದಿ ಅಂತ ಒಪ್ಕೊಂಡ್ರೆ ಸರಿ. ಇಲ್ಲದಿದ್ರೆ ಆ ಮೂಲೆ ಅಮ್ಮನ ಹೊಲಿಗೆ ಯಂತ್ರಕ್ಕೆ."

ಹೊಲಿಗೆ ಯಂತ್ರ ಅಡುಗೆಮನೆಯ ಬಾಗಿಲಲ್ಲಿ ಹಳೇ ಬೆಡ್‌ಶೀಟ್ ಹೊದ್ದು, ಸೀಟು ಸಿಗದ ಪ್ರಯಾಣಿಕನ ಹಾಗೆ ನಿಂತಿತ್ತು. ಅದರ ಕಣ್ಣು ಬಹಳ ದಿನದಿಂದ ಆ ಮೂಲೆಯ ಮೇಲೇ.

"ಒಪ್ಕೊಳ್ಳೋದಂದ್ರೇನು? ಬಣ್ಣ ಏನು ಪಂಚಾಯ್ತಿಯಲ್ಲಿ ತೀರ್ಮಾನ ಆಗುತ್ತಾ?" ಅಂತ ಗುಡುಗಿದ ಲೆನ್ಸಪ್ಪ, ತೊಟ್ಟಿಯ ನೀರನ್ನು ಒಂದು ಪುಟ್ಟ ಬಾಟಲಿಗೆ ತುಂಬಿಕೊಂಡು ತಿಂಡಿ ತಿನ್ನದೆ ಹೊರಟ.

ಅಂಗಡಿಯಲ್ಲಿ ಮೊದಲ ಗಿರಾಕಿ ಒಬ್ಬ ವ್ಯಾನ್ ಚಾಲಕ. ಶಾಲೆಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿದೆ, ಬಣ್ಣ ಸರಿಯಾಗಿ ಕಾಣುತ್ತದೆ ಅಂತ ಸರ್ಟಿಫಿಕೇಟ್ ಬೇಕು. ಅದಕ್ಕೆ ಲೆನ್ಸಪ್ಪನ ಬಳಿ ಒಂದು ಪುಸ್ತಕವಿತ್ತು. ಪುಟದ ತುಂಬ ಬಣ್ಣಬಣ್ಣದ ಚುಕ್ಕೆಗಳು, ಚುಕ್ಕೆಗಳ ನಡುವೆ ಬೇರೆ ಬಣ್ಣದಲ್ಲಿ ಅಡಗಿದ ಅಂಕಿ. ಯಾವ ಪುಟಕ್ಕೆ ಯಾವ ಅಂಕಿ ಅಂತ ಅಂಗಡಿಯ ಹಿಂದಿನ ಯಜಮಾನರು ಬಾಯಿಪಾಠ ಮಾಡಿಸಿಯೇ ಬೀಗದ ಕೈ ಕೊಟ್ಟಿದ್ದರು. ಹಿಂದಿನ ಸಂಜೆ ಆ ಹಳೇ ಪುಸ್ತಕ ಕೈಜಾರಿ ಬಿದ್ದು ಹಾಳೆಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಮೊದಲ ಹಾಳೆ ಬಿಟ್ಟು ಉಳಿದವನ್ನು ಸಿಕ್ಕ ಹಾಗೆ ಬಾಚಿ ತುಂಬಿಸಿಟ್ಟಿದ್ದ.

"ಹನ್ನೆರಡು," ಅಂದ ಚಾಲಕ.

"ಸರಿ. ಮುಂದಿನದು?"

"ಎಪ್ಪತ್ನಾಲ್ಕು."

"ಎಂಟು!" ಅಂದ ಲೆನ್ಸಪ್ಪ. "ಇನ್ನೊಂದ್ಸಲ ನೋಡಿ."

"ಇನ್ನೊಂದ್ಸಲ ನೋಡಿದ್ರೂ ಎಪ್ಪತ್ನಾಲ್ಕೇ ಸಾರ್."

"ಎದ್ದು ಕಾಣ್ತಿದೆಯಲ್ರೀ ಎಂಟು! ನಾಳೆ ಕೆಂಪು ದೀಪವನ್ನೂ ಹೀಗೇ ಹಸಿರು ಅಂದ್ರೆ ಮಕ್ಕಳ ಗತಿ ಏನು?"

ಬೆಂಚಿನಲ್ಲಿ ಮುರಿದ ಫ್ರೇಮು ಹಿಡಿದು ಕೂತಿದ್ದ ಹೆಂಗಸು ಕತ್ತು ಚಾಚಿದಳು. "ಎಪ್ಪತ್ನಾಲ್ಕೇ ಅಲ್ವಾ ಅದು?"

ಪಕ್ಕದ ಮುದುಕರು ಎದ್ದು ಬಂದು ಬಗ್ಗಿದರು. "ನನಗೆ ಪೊರೆ ಬಂದಿದೆ ಕಣಪ್ಪ. ಆದ್ರೂ ಏಳು ಕಾಣುತ್ತೆ, ಮಗ್ಗುಲಲ್ಲಿ ನಾಲ್ಕೂ ಕಾಣುತ್ತೆ."

"ಮೂರು ಜನಕ್ಕೂ ಒಂದೇ ಕಾಯಿಲೆ!" ಅಂತ ಲೆನ್ಸಪ್ಪ ಪುಸ್ತಕ ಮುಚ್ಚಿದ. ಚಾಲಕನ ಮುಖ ಇಳಿದುಹೋಯಿತು.

"ಸಾರ್, ನಾಳೆ ಕೆಲಸಕ್ಕೆ ಸೇರ್ಬೇಕು. ಸಂಜೆ ಮತ್ತೆ ಬರ್ತೀನಿ. ಅಷ್ಟರೊಳಗೆ ನೀವೂ ಒಂದ್ಸಲ ಸರಿಯಾಗಿ ನೋಡಿ."

ನೀವೂ ಒಂದ್ಸಲ ನೋಡಿ! ತನಗೆ! ಆ ಮಾತು ಅನ್ನದೊಳಗಿನ ಕಲ್ಲಿನ ಹಾಗೆ ಲೆನ್ಸಪ್ಪನ ಹಲ್ಲಿಗೆ ಸಿಕ್ಕಿಕೊಂಡಿತು.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮೀನಿನಂಗಡಿಗೆ ನಡೆದ. ಅಲ್ಲಿನಾಕೆ ಅವನ ಬಾಟಲಿಯ ನೀರು ಪರೀಕ್ಷಿಸಿ ಕೊಳವೆ ಎತ್ತಿ ಹಿಡಿದಳು.

"ಹಳದಿ. ಅಪ್ಪಟ ಹಳದಿ. ಯಾವ ಮೀನು ಕೊಡ್ಲಿ?"

ಲೆನ್ಸಪ್ಪ ನೋಡಿದ. ಅದೇ ಹಸಿರು. "ಮಾರಾಟ ಆಗ್ಲಿ ಅಂತ ವಿಷವನ್ನೂ ಹಳದಿ ಅಂತೀರಾ?"

"ನಾಲ್ಕು ಮೀನು ಮಾರಿ ನಾನೇನು ಬಂಗಲೆ ಕಟ್ಬೇಕಾಗಿದೆಯಾ? ಹೋಗಿ, ಯಾರಿಗಾದ್ರೂ ಕಣ್ಣು ತೋರಿಸ್ಕೊಳ್ಳಿ."

"ಕಣ್ಣು ನೋಡೋನೇ ನಾನು!"

"ಹಾಗಾದ್ರೆ ಕನ್ನಡಿ ಮುಂದೆ ಕೂತ್ಕೊಳ್ಳಿ!"

ಕುದಿಯುವ ಕುಕ್ಕರಿನ ಹಾಗೆ ಅಂಗಡಿಗೆ ಮರಳಿದ. ಇಡೀ ಊರೇ ಸೇರಿ ತನ್ನನ್ನು ಆಡಿಕೊಳ್ಳುತ್ತಿದೆ. ಸಂಜೆ ಆ ಚಾಲಕ ಬರಲಿ, ಪುಟದ ಹಿಂದೆ ಅಚ್ಚಾದ ಉತ್ತರವನ್ನೇ ಅವನ ಮುಖಕ್ಕೆ ಹಿಡಿಯುತ್ತೇನೆ ಅಂದುಕೊಂಡು ಹಾಳೆ ತಿರುಗಿಸಿದ.

ಹಿಂದೆ ಸಣ್ಣ ಅಕ್ಷರದಲ್ಲಿತ್ತು: ಎಪ್ಪತ್ತನಾಲ್ಕು.

ಹಾಳೆ ಮಗುಚಿದ. ಕನ್ನಡಕ ತೆಗೆದು ನೋಡಿದ, ಹಾಕಿ ನೋಡಿದ, ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಏಳೂ ಇಲ್ಲ, ನಾಲ್ಕೂ ಇಲ್ಲ, ಎಂಟಂತೂ ಇಲ್ಲವೇ ಇಲ್ಲ. ಮುಂದಿನ ಹಾಳೆಯೂ ಸಾಸಿವೆ, ಅದರ ಮುಂದಿನದೂ ಸಾಸಿವೆ. ಎಂಥ ಕಣ್ಣಿಗೂ ಕಾಣುವ ಮೊದಲ ಪುಟದ ಹನ್ನೆರಡು ಬಿಟ್ಟರೆ ಒಂದು ಅಂಕಿಯೂ ಮುಖ ತೋರಿಸಲಿಲ್ಲ. ಇಷ್ಟು ವರ್ಷ ಅವನು ಪುಟಗಳನ್ನು ನೋಡಿರಲೇ ಇಲ್ಲ. ಪಾಠ ಒಪ್ಪಿಸಿದ್ದ, ಅಷ್ಟೇ.

ಲೆನ್ಸಪ್ಪ ಗಿರಾಕಿಯ ಕುರ್ಚಿಯಲ್ಲಿ ಕುಸಿದ. ಎದುರಿನ ಕನ್ನಡಿಯಲ್ಲಿ ಒಬ್ಬ ಗಿರಾಕಿಯೇ ಕಂಡ.

ಸಂಜೆ ಚಾಲಕ ಬಂದಾಗ ಸರ್ಟಿಫಿಕೇಟ್ ಸಿದ್ಧವಾಗಿತ್ತು. "ಬೆಳಿಗ್ಗೆ ಬೆಳಕು ಸರಿ ಇರ್ಲಿಲ್ಲ," ಅಂದ ಲೆನ್ಸಪ್ಪ, ತಪ್ಪೆಲ್ಲ ಸೂರ್ಯನದೇ ಎಂಬ ಹಾಗೆ. ಆತ ಹೋದ ಮೇಲೆ ಪುಸ್ತಕವನ್ನು ಕಪಾಟಿನ ತಳಕ್ಕೆ ತಳ್ಳಿ, ಬಣ್ಣದ ಪರೀಕ್ಷೆಗೆ ಕಣ್ಣಾಸ್ಪತ್ರೆಗೆ ಹೋಗಿ ಅಂತ ಬೋರ್ಡು ಬರೆದು ತೂಗುಹಾಕಿದ.

ದಾರಿಯುದ್ದಕ್ಕೂ ಒಂದೇ ಸಮಾಧಾನ. ನೀರು ಹಳದಿ ಅಂತ ಊರೆಲ್ಲ ಹೇಳುತ್ತಿದೆ, ತಾನೂ ಹೇಳಿಬಿಟ್ಟರಾಯಿತು. ಮೂಲೆ ಉಳಿಯುತ್ತದೆ, ಮಾನವೂ ಉಳಿಯುತ್ತದೆ.

ಮನೆಯಲ್ಲಿ ಡ್ರಿಲ್ ಮಾಸ್ತರರೂ ಬಂದು ಕೂತಿದ್ದರು. ಲೆನ್ಸಪ್ಪ ಕೊಳವೆಗೆ ನೀರು ತೆಗೆದು, ಔಷಧಿ ಬೆರೆಸಿ, ಕಿಟಕಿಗೆ ಹಿಡಿದು, ಗಂಭೀರವಾಗಿ ಹೇಳಿದ: "ಹಳದಿ."

"ಅಂತೂ ಒಪ್ಕೊಂಡ್ರಿ!" ಹೆಂಡತಿ ಚಪ್ಪಾಳೆ ತಟ್ಟಿದಳು.

"ನಾಳೆ ಒಂದು ಮೀನು ತರ್ತೀನಿ."

"ಒಳ್ಳೇದಾಯ್ತು. ಇರೋದಕ್ಕೂ ಒಂದು ಜೊತೆ ಆಗುತ್ತೆ."

"ಇರೋದಕ್ಕಾ?"

ಮಾಸ್ತರರು ಹೊಟ್ಟೆ ಕುಣಿಸಿ ನಕ್ಕರು. "ಇನ್ನು ನಾಟಕ ಸಾಕು ಮಾಡ್ರೀ! ಕೊಳವೆ ಹಳದಿಯಾಗಿದೆ ಅಂತ ನಿಮ್ಮ ಮನೆಯವರು ತೋರಿಸಿದ ದಿನವೇ ನನ್ನ ಬೋಗುಣಿಯ ಮೀನು ಒಂದು ತಂದು ಬಿಟ್ನಲ್ಲ! ಗಿಡದ ನಡುವೆ ಕೆಂಪಗೆ ಕೆಂಡದ ಹಾಗೆ ಓಡಾಡ್ತಿದೆ. ನೀವು ನೋಡಿಯೂ ನೋಡದ ಹಾಗೆ ಮುಖ ಊದಿಸ್ಕೊಂಡಿದ್ರಿ."

"ಕೇಳದೆ ಬಿಟ್ವಿ ಅಂತ ಸಿಟ್ಟು ಅಂದ್ಕೊಂಡ್ವಿ," ಅಂದಳು ಹೆಂಡತಿ. "ನೀವಾಗೇ ಮಾತೆತ್ತಲಿ ಅಂತ ನಾವೂ ಸುಮ್ಮನಿದ್ವಿ."

ಲೆನ್ಸಪ್ಪನ ಎದೆಯಲ್ಲಿ ಬೈಗುಳದ ಒಂದು ಮೂಟೆಯೇ ಮೇಲೆದ್ದಿತು. ತನ್ನ ತೊಟ್ಟಿ, ತನ್ನ ನೀರು, ತನ್ನ ಬ್ಯಾಕ್ಟೀರಿಯಾ! ಆದರೆ ಬೈಯುವುದು ಹೇಗೆ? ಕಾಣಲಿಲ್ಲ ಅಂತ ಮೊದಲು ಹೇಳಬೇಕಲ್ಲ. ಮೂಟೆಯನ್ನು ನುಂಗಿಕೊಂಡು ತೊಟ್ಟಿಗೆ ಬಗ್ಗಿದ. ದಿನವೂ ಕೊಳವೆಯನ್ನು ದಿಟ್ಟಿಸಿದವನು ತೊಟ್ಟಿಯನ್ನು ಹೀಗೆ ದಿಟ್ಟಿಸಿದ್ದು ಇದೇ ಮೊದಲು. ಎಲೆ. ಎಲೆ. ಎಲೆಯ ಹಿಂದೆ ಎಲೆ.

"ಕಾಣ್ತಿದೆ ತಾನೆ?" ಅಂದರು ಅತ್ತೆ.

"ಕಾಣದೆ ಏನು? ಎದ್ದು ಕಾಣ್ತಿದೆ." ಎಡಗಡೆ ಏನೋ ಉದ್ದಕ್ಕೆ ಕಂಡಿತು. ಅದಕ್ಕೇ ಬೆರಳು ತೋರಿಸಿದ. "ಅಗೋ, ಎಷ್ಟು ಮುದ್ದಾಗಿದೆ!"

ಪುಳಕ್, ಅಂತ ಬಲಗಡೆಯ ನೀರು ಚಿಮ್ಮಿತು.

ಹೆಂಡತಿ ಮಾಸ್ತರರ ಚಹಾ ಲೋಟ ಇಡಲು ಒಳಗೆ ಹೋಗಿದ್ದಳು. ಮಾಸ್ತರರು ಚಪ್ಪಲಿ ಹುಡುಕುತ್ತಿದ್ದರು. ನೋಡಿದ್ದು ಅತ್ತೆ ಒಬ್ಬರೇ. ಅವರು ಅಳಿಯನ ಬೆರಳು ನೋಡಿದರು, ಬೆರಳ ನೇರಕ್ಕೆ ತೊಟ್ಟಿಯೊಳಗಿದ್ದ ಕಲ್ಲು ನೋಡಿದರು, ಆಮೇಲೆ ಅಳಿಯನ ಮುಖ ನೋಡಿದರು. ದನಿ ತಗ್ಗಿಸಿದರು.

"ಅಳಿಯಂದ್ರೇ, ನಾನೇನು ಯಾರಿಗೂ ಹೇಳೋಳಲ್ಲ, ಪಾಪ, ಕಸುಬಿನ ವಿಚಾರ. ಆದ್ರೆ ನಿಮಗೆ ಹೇಗೂ ಅದು ಖಾಲಿ ತೊಟ್ಟಿನೇ ತಾನೆ? ಮಾಸ್ತರ ಮನೆಯಲ್ಲಿ ಬೇಕಾದಷ್ಟು ಜಾಗ ಇದೆಯಂತೆ."

ರಾತ್ರಿ ಊಟಕ್ಕೆ ಮುಂಚೆ ಲೆನ್ಸಪ್ಪನೂ ಮಾಸ್ತರರೂ ನೀರನ್ನು ಬಕೆಟ್ಟುಗಳಿಗೆ ತುಂಬಿ, ಖಾಲಿಯಾದ ತೊಟ್ಟಿಯನ್ನು ಹೆಗಲು ಕೊಟ್ಟು ಮೆಟ್ಟಿಲು ಹತ್ತಿಸಿದರು. ಮೀನು ಮಾಸ್ತರರ ತಂಬಿಗೆಯಲ್ಲಿ ಹೋಯಿತಂತೆ. ಲೆನ್ಸಪ್ಪನಿಗೆ ತಂಬಿಗೆ ಕಂಡಿತು.

ಊಟದ ಹೊತ್ತಿಗೆ ಮೂಲೆಯಲ್ಲಿ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿತ್ತು.

"ಅಲ್ರೀ, ಹಳದಿ ಅಂತ ಒಪ್ಕೊಂಡ ಮೇಲೂ ಯಾಕೆ ಕೊಟ್ಬಿಟ್ರಿ?" ಹೆಂಡತಿಗೆ ಅಚ್ಚರಿ. "ಅಷ್ಟೊಂದು ಒದ್ದಾಡಿ ನೀರು ಸಾಕಿದ್ರಿ!"

"ಅಳಿಯಂದ್ರೇ," ಅಂತ ಅತ್ತೆ ಯಂತ್ರದಿಂದ ತಲೆ ಎತ್ತದೆ ಕರೆದರು, "ಆ ಬುಟ್ಟಿಯಿಂದ ಕೆಂಪು ದಾರದ ಉಂಡೆ ಒಂದು ಕೊಡ್ತೀರಾ?"

ಲೆನ್ಸಪ್ಪ ಬುಟ್ಟಿ ನೋಡಿದ. ಮೂಗಿನ ಹೊಳ್ಳೆ ಅರಳಿತು, ಕಿವಿ ಬಿಸಿಯಾಯಿತು. ಇಡೀ ಬುಟ್ಟಿಯನ್ನು ಎತ್ತಿ ಅತ್ತೆಯ ಮುಂದಿಟ್ಟು, ಬಂದು ತಟ್ಟೆಯ ಮುಂದೆ ಕೂತ.

ಹೆಂಡತಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಅವಳಿಗಾಗಲಿ, ಮತ್ತೊಬ್ಬರಿಗಾಗಲಿ, ಬದುಕಿರುವ ತನಕ ಕಣ್ಣಿನ ಗುಟ್ಟು ಹೇಳಬಾರದು ಅಂತ ಅವನು ಅಷ್ಟರಲ್ಲೇ ತೀರ್ಮಾನಿಸಿಬಿಟ್ಟಿದ್ದ.