ಹಲೀಮಾ ಮನೆಯ ಸೊಮಾಲಿ ಹೀರೋ

ಅಭಿಪ್ರಾಯಗಳ ವಿಷಯದಲ್ಲಿ ನಾನು ಬಹಳ ಗಟ್ಟಿ ಮನುಷ್ಯ. ವಿಷಯ ಗೊತ್ತಿಲ್ಲದಿದ್ದರಂತೂ ಇನ್ನೂ ಗಟ್ಟಿ. ಅದಕ್ಕೇ ಮೆಲ್ಬರ್ನ್‌ನ ನಮ್ಮ ಕನ್ನಡ ಬಳಗದವರು ‘ಕನ್ನಡಕ್ಕೆ ಡಬ್ಬಿಂಗ್ ಬೇಕೇ?’ ಎಂದು ಚರ್ಚೆ ಇಟ್ಟಾಗ, ಬೇಡ ಎನ್ನುವ ಪಕ್ಷಕ್ಕೆ ನನ್ನನ್ನೇ ಮುಂದೆ ಮಾಡಿದರು. ಪರಭಾಷೆಯ ಹೀರೋ ಕನ್ನಡದಲ್ಲಿ ಬಾಯಿ ಬಿಡಕೂಡದು ಎಂಬ ನಂಬಿಕೆಯನ್ನು ಹುಬ್ಬಳ್ಳಿಯಿಂದ ಬರುವಾಗಲೇ ಚಟ್ನಿಪುಡಿಯ ಜತೆ ಕಟ್ಟಿಕೊಂಡು ಬಂದವನು ನಾನು. ಬಾಯಿ ಒಬ್ಬನದು, ದನಿ ಇನ್ನೊಬ್ಬನದು ಆದರೆ ಭಾವ ಅಲ್ಲೇ ಸತ್ತುಹೋಗುತ್ತದೆ ಎಂದು ಭಾಷಣವನ್ನೂ ಬರೆದಿಟ್ಟಿದ್ದೆ. ಡಬ್ ಆದ ಸಿನಿಮಾ ಒಂದನ್ನೂ ನೋಡಿರಲಿಲ್ಲ, ಆ ಮಾತು ಬೇರೆ.

ಚರ್ಚೆಗೆ ಒಂದು ವಾರ ಇರುವಾಗ, ಪಕ್ಕದ ಫ್ಲ್ಯಾಟಿನ ಸೊಮಾಲಿ ಹೆಂಗಸು ಹಲೀಮಾಗೆ ಡಬ್ಬಿ ವಾಪಸ್ ಕೊಡಲು ಹೋದ ನನ್ನ ಹೆಂಡತಿ ಶಾಂತಾ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ಟೀವಿಯಲ್ಲಿ ನಮ್ಮ ಮುಂಬೈಯ ಹೀರೋ ಖಳನಾಯಕನ ಕಾಲರ್ ಹಿಡಿದು ಸೊಮಾಲಿಯಲ್ಲಿ ಬೈಯುತ್ತಿದ್ದ!

“ಬಾಗಲದಾಗ ನಿಂತು ಏನ್ ನೋಡ್ತೀರಿ, ಒಳಗ ಬರ್ರಿ. ಈಗ ತಾಯಿ ಸಿಗ್ತಾಳ,” ಎಂದಳು ಶಾಂತಾ.

ಭಾಷಣಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಕೂತೆ. ಹೀರೋ, ಖಳ, ಹೀರೋನ ಅಪ್ಪ, ಮೂವರಿಗೂ ಒಬ್ಬನೇ ಪುಣ್ಯಾತ್ಮ ದನಿ ಕೊಟ್ಟಿದ್ದ. ಹಾಡುಗಳು ಮಾತ್ರ ಹಿಂದಿಯಲ್ಲೇ ಇದ್ದವು. ಹಲೀಮಾ ಅವನ್ನು ತಪ್ಪಿಲ್ಲದೆ ಹಾಡುತ್ತಿದ್ದರು. ಅರ್ಥ ಗೊತ್ತೇ ಎಂದು ಕೇಳಿದೆ. “ಹುಡುಗಿ ಅಳ್ತಾ ಇದಾಳಲ್ಲ ಬ್ರದರ್, ಇನ್ನೇನು ಅರ್ಥ ಬೇಕು?” ಎಂದರು ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ತಾಯಿ ಸಿಕ್ಕಿಯೇಬಿಟ್ಟಳು. ಹೀರೋ ಸೊಮಾಲಿಯಲ್ಲಿ ಏನೋ ಅಂದ, ಒಂದಕ್ಷರ ತಿಳಿಯಲಿಲ್ಲ. ಆದರೂ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡೆ. ಹಲೀಮಾ ಕೊಟ್ಟ, ಸಮೋಸದಂತಿದ್ದ ಸಂಬೂಸದ ಖಾರ ಇರಬೇಕೆಂದು ಸಮಾಧಾನ ಮಾಡಿಕೊಂಡೆ.

ಅಲ್ಲಿಗೆ ಮೊದಲ ಡಿಸ್ಕ್ ಮುಗಿಯಿತು. ಎರಡನೆಯದು ಸಿಡ್ನಿಯ ತಂಗಿಯ ಹತ್ತಿರ ಇದೆ, ಬರುವ ಭಾನುವಾರ ತರುತ್ತಾಳೆ ಎಂದರು ಹಲೀಮಾ. ಆಮೇಲೆ, “ನಿಮ್ಮ ಭಾಷೆಯಲ್ಲಿ ಇವನಿಗೆ ಯಾರು ದನಿ ಕೊಡೋದು?” ಎಂದು ಕೇಳಿದರು.

“ಯಾರೂ ಇಲ್ಲ. ನಾವು ಬಿಡೋದಿಲ್ಲ,” ಎಂದೆ ಹೆಮ್ಮೆಯಿಂದ.

“ಹಾಗಾದ್ರೆ ನಿಮ್ಮಮ್ಮ ಹೇಗೆ ನೋಡ್ತಾರೆ?”

ನಮ್ಮವ್ವನಿಗೆ ಹಿಂದಿ ಬಾರದು. ಥಿಯೇಟರಿನಲ್ಲಿ ಪಕ್ಕದವರನ್ನು “ಏನಂದ, ಏನಂದ” ಎಂದು ಕೇಳಿ ಬೈಸಿಕೊಳ್ಳುತ್ತಿದ್ದಳು. ಅದನ್ನು ಹೇಳಿದೆ. ಹಲೀಮಾ ಲೊಚಗುಟ್ಟಿದ್ದು ನನಗೆ ಸರಿಬರಲಿಲ್ಲ.

ಅಸಲಿ ಯಾವುದೆಂದು ತೋರಿಸಿಯೇಬಿಡೋಣವೆಂದು ಮರುದಿನ ಇಂಡಿಯನ್ ಅಂಗಡಿಯಿಂದ ಅದೇ ಸಿನಿಮಾದ ಹಿಂದಿ ಡಿಸ್ಕುಗಳನ್ನು ಬಾಡಿಗೆಗೆ ತಂದೆ. ಹಲೀಮಾ ಹತ್ತು ನಿಮಿಷ ಮರ್ಯಾದೆಗೆ ನೋಡಿ, “ಇವನಿಗೆ ನೆಗಡಿಯಾಗಿದೆಯಾ?” ಎಂದರು. ನನಗೆ ಸಿಟ್ಟು ಬರಬೇಕಾಗಿತ್ತು. ಆದರೆ ನನಗೂ ಹಾಗೇ ಅನಿಸಿತ್ತು! ಎರಡನೇ ಡಿಸ್ಕ್ ಕೈಯಲ್ಲೇ ಇತ್ತು, ಹಿಂದಿ ನನಗೆ ಅರ್ಥವೂ ಆಗುತ್ತದೆ. ಆದರೂ ಹಾಕಲು ಮನಸ್ಸು ಬರಲಿಲ್ಲ. ಕದ್ದು ನೋಡಿದಂತಾಗುತ್ತದೆ ಎನಿಸಿ, ಹಾಗೇ ಅಂಗಡಿಗೆ ಹಿಂತಿರುಗಿಸಿದೆ.

ಭಾನುವಾರ ಬಂತು, ಚರ್ಚೆಯೂ ಅಂದೇ. ವೇದಿಕೆ ಹತ್ತಿದೆ. ನಿಜ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಮುಂದಿನ ಸಾಲಿನವರು ಆಗಲೇ ಚಪ್ಪಾಳೆ ಶುರುಮಾಡಿದ್ದರು, ಬರೆದ ಭಾಷಣವೂ ಬಾಯಿಪಾಠವಾಗಿತ್ತು. ಭಾವ ಸಾಯುತ್ತದೆ ಎಂದು ಮೇಜು ಗುದ್ದಿದೆ. ಗೆದ್ದೂ ಗೆದ್ದೆ. “ಬಿಸಿಬೇಳೆಬಾತ್ ಇದೆ ಸಾರ್, ಊಟ ಮಾಡ್ಕೊಂಡು ಹೋಗಿ,” ಎಂದು ಕಾರ್ಯದರ್ಶಿ ಕೈ ಹಿಡಿದರೂ, ಅರ್ಜೆಂಟ್ ಕೆಲಸವಿದೆ ಎಂದು ಓಡಿದೆ.

ಹಲೀಮಾ ಡಿಸ್ಕ್ ಹಾಕಿ, ನನಗಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಶಾಂತಾ ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದಳು.

“ಭಾಷಣ ಇತ್ತಂತೆ? ಯಾವುದರ ಮೇಲೆ?” ಎಂದು ಕೇಳಿದರು ಹಲೀಮಾ.

“ಅದೇ... ಡಬ್ ಮಾಡಿದ ಸಿನಿಮಾಗಳ ಮೇಲೆ,” ಎಂದೆ.

ಹಲೀಮಾರ ಮುಖ ಅರಳಿತು. “ಒಳ್ಳೇ ಕೆಲಸ ಮಾಡಿದ್ರಿ ಬ್ರದರ್. ಪಾಪ, ನಿಮ್ಮವರಿಗೂ ಗೊತ್ತಾಗಬೇಕಲ್ಲ!” ಎನ್ನುತ್ತ ಸೋಫಾದಲ್ಲಿ ಸರಿದು ನನಗೆ ಜಾಗ ಮಾಡಿಕೊಟ್ಟರು.