ಗಾಳಿ ತಾಗದ ಪತ್ರ

ಕಾಫಿಯ ಒಂದು ಹನಿ ಪತ್ರದಿಂದ ಎರಡು ಬೆರಳು ಆಚೆ ಬಿತ್ತು. ಪತ್ರಕ್ಕೆ ಏನೂ ಆಗಲಿಲ್ಲ. ಆಗಿದ್ದೆಲ್ಲ ಅವಳ ಎದೆಗೆ.

ಜೆರಾಕ್ಸ್ ಅಂಗಡಿಯಲ್ಲಿ ಕೂತು ಇಪ್ಪತ್ತು ವರ್ಷ ಪರದೇಶಕ್ಕೆ ಹೊರಟವರ ಕಾಗದಗಳ ನಕಲು ತೆಗೆದೂ ತೆಗೆದೂ, ಯಾವ ದೇಶಕ್ಕೆ ಎಷ್ಟು ಫೋಟೋ, ಯಾವ ಅರ್ಜಿಗೆ ಯಾರ ಸಹಿ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಬೀದಿಗೆಲ್ಲ ಅವಳು ವೀಸಾ ಅಕ್ಕ. ಸ್ವತಃ ಒಂದು ಗಡಿಯನ್ನೂ ದಾಟಿದವಳಲ್ಲ. ಇವತ್ತು ಹನ್ನೊಂದು ಗಂಟೆಗೆ, ಮೊದಲ ಬಾರಿಗೆ, ತನಗಾಗಿ ವೀಸಾ ಕಚೇರಿಗೆ ಹೋಗಬೇಕಿತ್ತು.

ಪತ್ರ ತಂಗಿಯದು. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಪರದೇಶದಲ್ಲಿದ್ದ ತಂಗಿ ಬರಲಿಲ್ಲ. "ರಜೆ ಸಿಗಲಿಲ್ಲ" ಎಂದಷ್ಟೇ ಹೇಳಿದ್ದಳು. ಅವತ್ತೇ ಅಕ್ಕ ಮಾತು ಬಿಟ್ಟಳು. ಈಗ ಈ ಆಹ್ವಾನ ಪತ್ರ: ಕಚೇರಿಗೆ ಬೇಕಾದ ನಾಲ್ಕು ಸಾಲು, ಸಹಿ, ಪಕ್ಕದಲ್ಲಿ ಪೆನ್ನಿನಿಂದ, "ಅಕ್ಕಾ, ಬಾರೇ."

ಅಂಗಡಿ ಇಟ್ಟವನು ಅಪ್ಪ. "ಬೆಲೆಬಾಳೋ ಕಾಗದಕ್ಕೆ ಗಾಳಿ ತಾಗಬಾರದು" ಎನ್ನುತ್ತ ಹೆಣ್ಣುಮಕ್ಕಳಿಬ್ಬರಿಗೂ ಅಕ್ಷರಕ್ಕಿಂತ ಮೊದಲು ಲ್ಯಾಮಿನೇಷನ್ ಕಲಿಸಿದ್ದ. ಅವಳು ಕಾಫಿ ಒರೆಸಿ ಮಿಷಿನ್ ಹಚ್ಚಿದಳು. ಪತ್ರ ಹೊಸ ಮದುಮಗಳಂತೆ ಹೊಳೆಯುತ್ತ ಆಚೆ ಬಂತು. ಕೈಹಾಕಿದ್ದೇ ಹಾಕಿದ್ದು ಎಂದು ಪಾರದರ್ಶಕ ಅಂಟುಹಾಳೆಯ ಚೂರೊಂದರಲ್ಲಿ ಉಳಿದ ಕೆಲಸವನ್ನೂ ಮುಗಿಸಿ, ಕಾಗದಗಳನ್ನೆಲ್ಲ ಒಂದು ಕಟ್ಟು ಮಾಡಿದಳು.

ಪಕ್ಕದ ಸ್ಟುಡಿಯೋದವನು ಫೋಟೋಗೆ ಕೂರಿಸಿದ.

"ನಗಬೇಡಿ ಅಕ್ಕಾ, ವೀಸಾ ಫೋಟೋ."

"ನಗ್ತಿಲ್ಲ ಕಣಪ್ಪಾ, ನನ್ನ ಮುಖ ಇರೋದೇ ಹೀಗೆ."

ಎರಡು ಸಲ ಕೆಟ್ಟಿತು. ಮೂರನೇ ಸಲ ಅಮ್ಮನನ್ನು ನೆನೆದಳು. ಫೋಟೋ ಸರಿಯಾಗಿ ಬಂತು.

ಹೊರಗೆ ಕಾಲಿಟ್ಟರೆ ಎದುರಿನ ಪಾರ್ಲರ್‌ನವಳು ಕೈಹಿಡಿದು ಎಳೆದಳು. "ಹೀಗೇ ಹೋಗ್ತೀರಾ? ಐದೇ ನಿಮಿಷ!" ಒಂದು ಹುಬ್ಬು ಮುಗಿಯುವಷ್ಟರಲ್ಲಿ ಗಡಿಯಾರ ಕಂಡು ಅವಳು ಎದ್ದೋಡಿದಳು. ಮುಖದ ಅರ್ಧ ಭಾಗ ಉಳಿದರ್ಧವನ್ನು ನಂಬದಂತೆ ಕಾಣುತ್ತಿತ್ತು.

ಕಚೇರಿಯಲ್ಲಿ ಕೌಂಟರಿನಾಕೆ ಹುಬ್ಬು ನೋಡಿದಳು, ಕಟ್ಟಿನ ಮೇಲಿದ್ದ ಪತ್ರ ನೋಡಿದಳು.

"ಏನಮ್ಮಾ ಇದು?"

"ಆಹ್ವಾನ ಪತ್ರ. ನಿಮ್ಮ ಪಟ್ಟೀಲಿ ಮೊದಲನೇದು."

ಆಕೆ ಸೀಲು ಒತ್ತಿದಳು. ಸೀಲು ಜಾರಿತು. ಶಾಯಿಯೆಲ್ಲ ಆಕೆಯ ಹೆಬ್ಬೆರಳಿಗೆ.

"ಬೇರೆ ಮೂಲ ಪತ್ರ ತರಿಸಿ. ಇನ್ನೊಂದು ತಾರೀಕು ಸಿಗೋದು ಮೂರು ತಿಂಗಳಿಗೆ."

"ಪ್ಲಾಸ್ಟಿಕ್ ಹಾಕಬಾರದು ಅಂತ ಪಟ್ಟೀಲಿ ಎಲ್ಲೂ ಇಲ್ಲವಲ್ಲ!"

"ಕಾಗದ ತಿನ್ನಬಾರದು ಅಂತಾನೂ ಇಲ್ಲ. ಹಾಗಂತ ತಿಂದು ಬರ್ತೀರಾ?" ಉಳಿದದ್ದನ್ನು ಬಿಚ್ಚಿಯೂ ನೋಡದೆ ಕಟ್ಟನ್ನು ಹಿಂದಕ್ಕೆ ತಳ್ಳಿದಳು.

ಅವಳು ಮೆಟ್ಟಿಲ ಮೇಲೆ ಕೂತು ತಂಗಿಗೆ ಫೋನ್ ಮಾಡಿದಳು. ಇಪ್ಪತ್ತು ವರ್ಷ ಪರರ ಅರ್ಜಿ ತಿದ್ದಿದವಳು ತನ್ನದನ್ನೇ ಕೆಡಿಸಿಕೊಂಡ ಕತೆ ಹೇಳಿದಳು. ಆ ಕಡೆ ತಂಗಿ ಬಿದ್ದುಬಿದ್ದು ನಕ್ಕಳು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

"ಅಕ್ಕಾ, ಅಮ್ಮ ಹೋದಾಗ ನಾನು ಹೊರಟಿದ್ದೆ ಕಣೇ. ಏರ್‌ಪೋರ್ಟಿಂದ ವಾಪಸ್ ಕಳಿಸಿದ್ರು."

"ಯಾಕೇ?"

"ಪಾಸ್‌ಪೋರ್ಟಿನ ಫೋಟೋ ಪುಟಕ್ಕೆ ಅಂಟುಹಾಳೆ ಹಚ್ಚಿದ್ದೆ. ಅಪ್ಪನ ಅಂಗಡೀದೇ. ಕೈಯಾಡಿಸಿದ ಪಾಸ್‌ಪೋರ್ಟ್ ನಡೆಯಲ್ಲ ಅಂದ್ರು. ಹೊಸದು ಬರೋಕೆ ಎರಡು ತಿಂಗಳಾಯ್ತು. ವೀಸಾ ಅಕ್ಕನ ತಂಗಿ ಆಗಿ ಹೀಗೆ ಮಾಡ್ಕೊಂಡೆ ಅಂತ ಹೇಳೋಕೆ ನಾಚಿಕೆ. ರಜೆ ಸಿಗಲಿಲ್ಲ ಅಂದ್ಬಿಟ್ಟೆ."

ಹನ್ನೊಂದು ವರ್ಷ. ಅಮ್ಮನ ಫೋಟೋ ಮುಂದೆ ದೀಪ ಹಚ್ಚುವಾಗಲೆಲ್ಲ ಅವಳು ಆ ರಜೆಯನ್ನು ಶಪಿಸಿದ್ದಳು. ಒಂದೇ ಒಂದು ಸಲ "ಯಾಕೇ" ಎಂದು ಕೇಳಿದ್ದರೆ ಸಾಕಿತ್ತು.

"ಅಳಬೇಡ್ವೇ," ತಂಗಿಯೇ ಸಮಾಧಾನ ಹೇಳಿದಳು. "ಪತ್ರ ನಾಳೇನೇ ಕಳಿಸ್ತೀನಿ. ಅದೇನು ದೊಡ್ಡದಲ್ಲ ಬಿಡು. ಪಾಸ್‌ಪೋರ್ಟ್ ಮಾತ್ರ ಮುಟ್ಟಿಲ್ಲ ತಾನೇ?"

ಅವಳು ಮೆಲ್ಲನೆ ಕಟ್ಟು ಬಿಚ್ಚಿದಳು. ಪಟ್ಟಿಯ ಕೊನೆಯದು, ಕಟ್ಟಿನ ಅಡಿಯದು. ತೆರೆದ ಪುಟ ಬಿಸಿಲಿಗೆ ಫಳಫಳ ಹೊಳೆಯಿತು. ಒಳಗೆ ಅವಳ ಮುಖ, ಗಾಳಿ ತಾಗದಂತೆ ಬೆಚ್ಚಗೆ.

"ಅಕ್ಕಾ? ಕೇಳಿಸ್ತಿದೆಯಾ? ಮೂರು ತಿಂಗಳಿಗೆ ಬರ್ತೀಯ ತಾನೇ?"

ಅವಳು ಪಾಸ್‌ಪೋರ್ಟನ್ನು ಮುಚ್ಚಿದಳು.

"ನೋಡೋಣ ಕಣೇ," ಎಂದಳು. "ಅಷ್ಟರಲ್ಲಿ ರಜೆ ಸಿಗುತ್ತೋ ಇಲ್ವೋ."